ಅವ್ವನ ಮೊಣಕಾಲು ಮತ್ತು ಹೊಸ ಬ್ಯಾಟರಿ

೧೨ ಡಿಸೆಂಬರ್ ೨೦೦೩, ಶುಕ್ರವಾರ. ಖಾನಾಪುರ.

ತಿಂಗಳಿಂದ ಕೆಂಡದಂತೆ ಕಾಯುತ್ತಿದ್ದ ಮೊಬೈಲಿಗೆ ಇವತ್ತು ಬೆಳಗಾವಿಯಲ್ಲಿ ಹೊಸ ಬ್ಯಾಟರಿ ಹಾಕಿಸಿದೆ. ಉಬ್ಬಿದ ಹಳೆಯದನ್ನು ನೋಡಿ ಅಂಗಡಿಯವನು, "ಇನ್ನೆರಡು ದಿನ ಬಿಟ್ಟಿದ್ರ ಢಂ ಅಂತಿತ್ರಿ," ಎಂದ.

ಮನೆಗೆ ಬಂದು ಅದನ್ನು ಚಾರ್ಜಿಗೆ ಹಚ್ಚಿ ಊಟಕ್ಕೆ ಕೂತೆ. ಎದ್ದು ಬಂದರೆ ಮೊಬೈಲ್ ಇಲ್ಲ. ವೈರು ಹಿಡಿದುಕೊಂಡು ಹೋದರೆ ಅದು ಅವ್ವ ಹೊದ್ದಿದ್ದ ಕೌದಿಯೊಳಗೆ ಹೊಕ್ಕಿತ್ತು! ಮೊಬೈಲನ್ನು ಮೊಣಕಾಲಿಗೆ ಒತ್ತಿಕೊಂಡು ಅವ್ವ ಸಿಟ್ಟಾಗಿ ಕೂತಿದ್ದಳು.

"ಸೋಮಲಿಂಗ, ನಿನಗ ಮೋಸ ಮಾಡ್ಯಾರೋ. ಇದು ಕಾಯವಲ್ದು. ಹಳೇದು ದಿನಾ ಎಷ್ಟು ಚಲೋ ಶಾಖ ಕೊಡ್ತಿತ್ತು!"

ದಿನಾ ಕೌದಿಯೊಳಗಿಟ್ಟು ಅದನ್ನು ಕಾಯಿಸಿದವಳು ಅವ್ವ; ತಿಂಗಳಿಡೀ ನಾನು ಮೊಬೈಲ್ ಕಂಪನಿಯವರನ್ನು ಸುಮ್ಮನೆ ಬೈದೆನಲ್ಲ!

"ಯವ್ವಾ, ಅದು ಕಾಯಬಾರದು ಬೇ."

"ಹೊಳ್ಳಿ ಕೊಟ್ಟು ಹಳೇದು ತಗೊಂಡು ಬಾ. ನಾಳೆ ಬಾಜೂಮನಿ ಸಾವಂತ್ರವ್ವ ಬೆನ್ನು ಕಾಸ್ಕೊಳ್ಳಾಕ ಬರ್ತಾಳ."