ರಾಂಗೆಲ್ ಕದ್ದ ತಗಡಿನ ಕೊಳವೆ

ಜನವರಿ ೧೪, ಮಂಗಳವಾರ

ಹೊರಗೆ ಕೊರೆಯುವ ಹಿಮ, ನನ್ನ ತಲೆ ಮಾತ್ರ ಕುದಿಯುತ್ತಿದೆ.

ಹೋದ ಚಳಿಗಾಲದಲ್ಲಿ ನಾನು ಪೆಟ್ರೋಲ್ ಉಳಿಸಲೆಂದು ನನ್ನ ಹಳೇ ಲಾಡಾ ಕಾರಿನ ಹೊಗೆಕೊಳವೆಯ ಸುತ್ತಲಿನ ಬಿಸಿಗಾಳಿಯನ್ನು ತಗಡಿನ ಕೊಳವೆಯಲ್ಲಿ ಅದರ ಇಂಜಿನ್ನಿಗೇ ಹಾಯಿಸಿದಾಗ, ಪಕ್ಕದ ಮನೆಯ ರಾಂಗೆಲ್ ಕಾಫಿ ಅಂಗಡಿಯಲ್ಲಿ ಎಲ್ಲರೆದುರು ನಕ್ಕಿದ್ದ. "ಏನ್ ತಾತ, ಕಾರಿಗೂ ಒಲೆ ಹಚ್ಚಿದ್ಯಾ? ಅದ್ರ ಮೇಲೇ ಕಾಳುಸಾರು ಕುದಿಸ್ಕೊ!"

ಈಗ ಅಂಥದ್ದೇ ಕೊಳವೆ ಅವನ ಕಾರಿನಲ್ಲೂ ಇದೆ. "ನೂರು ಕಿಲೋಮೀಟರಿಗೆ ಒಂದು ಲೀಟರ್ ಪೆಟ್ರೋಲ್ ಉಳೀತು. ಎಲ್ಲಾ ನನ್ನದೇ ತಲೆ ಕಣ್ರೋ!" ಎನ್ನುತ್ತಾ ಇವತ್ತು ಅದೇ ಅಂಗಡಿಯಲ್ಲಿ ಎಲ್ಲರಿಗೂ ರಾಕಿಯಾ ಸಾರಾಯಿ ಕುಡಿಸಿದ. ನನ್ನ ಮುಂದೂ ಒಂದು ಲೋಟ ತಳ್ಳಿದ. ಕುಡಿದೆ.

ಸೆಕೆ ಶುರುವಾಗುವ ಮೊದಲು ಆ ಕೊಳವೆಯನ್ನು ಕಳಚಬೇಕು. ಇಲ್ಲದಿದ್ದರೆ ಘಟ್ಟದ ಏರಿನಲ್ಲಿ ಇಂಜಿನ್ ಬಡಿದುಕೊಂಡು ನಿಲ್ಲುತ್ತದೆ. ಆ ಕಳ್ಳನಿಗೆ ಇದು ಗೊತ್ತಿಲ್ಲ. ಅವನ ಕಾರು ಹಾಗೆ ನಿಂತ ದಿನ ಕಾಳುಸಾರಿನ ಪಾತ್ರೆ ಹೊತ್ತು ನಾನೇ ಹೋಗಿ ಅವನ ಇಂಜಿನ್ ಮೇಲಿಡುತ್ತೇನೆ.

ನಮ್ಮಲ್ಲಿ ಸೆಕೆ ಏರುವ ಜುಲೈಗೆ ಇನ್ನೂ ಆರು ತಿಂಗಳು. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರಬೇಕು. ಬದುಕಿಯೂ ಇರಬೇಕು.