ಬೋರಲು ತಟ್ಟೆ

ಸೊರಬ
೧೪ ಜುಲೈ ೨೦೨೪, ಭಾನುವಾರ

ಮುದ್ದು ಆತಿಫಾಗೆ ಅಮ್ಮಿಯ ಸಲಾಂ, ನೂರೆಂಟು ದುವಾ.

ನೀನು ಫೋನಿಗೆ ಕಳಿಸಿದ ಪ್ರಶ್ನೆಗೆ ಉತ್ತರ ತಡವಾಯಿತು, ಸಿಟ್ಟಾಗಬೇಡ. ತಪ್ಪು ನಿನ್ನ ಅಣ್ಣನದು. ನನ್ನ ಕನ್ನಡಕದ ಮೇಲೆ ಅಕೀಬ್ ಕೂತುಬಿಟ್ಟ. ಕೂತಿದ್ದಲ್ಲದೆ, "ಕುರ್ಚಿ ಮೇಲೆ ಕನ್ನಡಕ ಇಡ್ತಾರಾ ಅಮ್ಮೀ?" ಅಂತ ನನಗೇ ಬೈದ. ಹೊಸದು ನಿನ್ನೆ ಬಂತು. ಈಗ ಕಾಗದ ಹಿಡಿದಿದ್ದು ನೋಡಿ, "ಈ ಕಾಲ್ದಾಗೆ ಯಾರು ಕಾಗದ ಬರೀತಾರೆ? ವಾಯ್ಸ್ ಕಳ್ಸಿ" ಅಂದ. "ವಾಯ್ಸಲ್ಲಿ ಸೊನ್ನೆ ಕಾಣುತ್ತೇನೋ?" ಅಂದೆ. ನಾವು ಮನೆಯಲ್ಲಿ ಮಾತಾಡೋದು ಉರ್ದು, ಜಗಳ ಆಡೋದು ಉರ್ದು. ಲೆಕ್ಕ ಮಾತ್ರ ನಿನಗೂ ನನಗೂ ಕನ್ನಡದಲ್ಲೇ ಆಗಬೇಕು, ಅದಕ್ಕೇ ಈ ಕಾಗದ.

ಇನ್ನೊಂದು ಕಾರಣವೂ ಇದೆ. ಫೋನಿನಲ್ಲಿ "ಯಾವಾಗ ಬರ್ತೀಯ?" ಅಂತ ಕೇಳಿದ ತಕ್ಷಣ ನಿಮ್ಮ ಅಂಬ್ಲಿಗೊಳದ ಕಡೆ ನೆಟ್‌ವರ್ಕ್ ಹೋಗಿಬಿಡುತ್ತೆ. ಬಕ್ರೀದಿಗೂ ನೀನು ಬರಲಿಲ್ಲ. ಐದನೇ ಕ್ಲಾಸಿನವರಿಗೆ ದೊಡ್ಡ ಭಾಗಾಕಾರ ಬರೋವರೆಗೆ ಊರಿನ ಮಾತೇ ಇಲ್ಲ ಅಂದೆ. ಒಳ್ಳೆಯದು, ಹೊಸ ಟೀಚರಿಗೆ ಅಷ್ಟು ಹಟ ಇರಬೇಕು. ಆದರೆ ನನಗೆ ಮಗಳನ್ನು ನೋಡಬೇಕು. ಆದ್ದರಿಂದ ನಿನ್ನ ಮಕ್ಕಳಿಗೆ ಭಾಗಾಕಾರ ಕಲಿಸುವ ಜವಾಬ್ದಾರಿ ಇವತ್ತಿನಿಂದ ನನ್ನದೂ ಹೌದು.

ನೀನು ಕಳಿಸಿದ, ಮಕ್ಕಳ ಲೆಕ್ಕದ ಪುಸ್ತಕದ ಫೋಟೋ ನೋಡಿದೆ. "ಈ ಮಕ್ಕಳಿಗೆ ತಲೆನೇ ಇಲ್ಲ ಅಮ್ಮೀ" ಅಂದಿದ್ದೀಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಅವರಿಗೆ ಮಗ್ಗಿ ಬರುತ್ತೆ, ಕಳೆಯುವುದು ಬರುತ್ತೆ, ಮುಂದಿನ ಅಂಕಿ ಕೆಳಗಿಳಿಸುವುದೂ ಬರುತ್ತೆ. ಭಾಗ ಹೋಗದಿದ್ದಾಗ ಮೇಲೆ ಸೊನ್ನೆ ಬರೆಯುವುದೊಂದು ಮರೆಯುತ್ತಾರೆ, ಅಷ್ಟೇ. ಸೊನ್ನೆ ಅಂದರೆ ಅವರಿಗೆ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಕುಬಟೂರಿನ ಕಡೆ ಇರುವ ನಮ್ಮ ಶಾಲೆಯಲ್ಲೂ ಇದೇ ಕಥೆ. ಹೋದ ವಾರ ಬೋರ್ಡಿನ ಮೇಲೆ ಬರೆದೆ: ಗುಡವಿ ಪಕ್ಷಿಧಾಮದಲ್ಲಿ ನಾಲ್ಕು ಸಾವಿರದ ಇಪ್ಪತ್ತೆಂಟು ಹಕ್ಕಿ, ನಾಲ್ಕೇ ಮರ, ಒಂದೊಂದು ಮರಕ್ಕೆ ಎಷ್ಟು? ತೀರ್ಥೇಶ ಅನ್ನುವ ತರಲೆ ಎದ್ದು ನಿಂತ. "ಸಾವ್ರ ಹಕ್ಕಿ ಕೂತ್ರೆ ಮರ ಮುರ್ದು ಬೀಳಲ್ವಾ ಟೀಚರ್?" ಅಂದ. ನೋಡು, ಪೆನ್ಸಿಲ್ ಮುಟ್ಟದೆ ಅವನಿಗೆ ಅಂದಾಜು ಸಿಕ್ಕಿತ್ತು! ಅಷ್ಟರಲ್ಲಿ ಸ್ಪಂದನ ಓಡಿಬಂದು ಸ್ಲೇಟು ತೋರಿಸಿದಳು. ಹದಿನೇಳು.

"ಹದಿನೇಳೇನಮ್ಮಾ? ಮಿಕ್ಕ ಹಕ್ಕಿಯೆಲ್ಲ ಎಲ್ಲಿ ಹೋದ್ವು?"

"ಹಾರ್ ಹೋದ್ವು ಟೀಚರ್."

ನಗು ತಡೆಯಲಾಗದೆ ಬೋರ್ಡಿನ ಕಡೆ ತಿರುಗಿಕೊಂಡೆ. ಬೈಯಲಿಕ್ಕೆ ಮನಸ್ಸೇ ಬರಲಿಲ್ಲ.

ಉಪಾಯ ಹೊಳೆದದ್ದು ಬಿಸಿಯೂಟದ ಹೊತ್ತಿಗೆ. ನಮ್ಮ ಜಗುಲಿಯಲ್ಲಿ ಪ್ರತಿ ಮಗುವಿಗೂ ಒಂದು ಜಾಗ ಇದೆ. ಅಡುಗೆಯ ನಿಂಗಮ್ಮನ ಕಟ್ಟಪ್ಪಣೆ ಅದು. ಯಾರಾದರೂ ಬಾರದಿದ್ದರೆ ಪಕ್ಕದವರು ಜರುಗುವಂತಿಲ್ಲ. ಬಾರದವರ ಜಾಗದಲ್ಲಿ ಅವಳೇ ಒಂದು ತಟ್ಟೆ ಬೋರಲು ಹಾಕುತ್ತಾಳೆ. "ಜರುಗ್ಬ್ಯಾಡ್ರೋ! ಆ ಕೂಸು ತಡವಾಗಿ ಬಂದ್ರೆ ಎಲ್ಲಿ ಕೂರ್ಬೇಕು?" ಅಂತ ಸೌಟು ಎತ್ತುತ್ತಾಳೆ. ದಿನಾ ನೋಡುತ್ತಿದ್ದರೂ ನನ್ನ ಮಂದಬುದ್ಧಿಗೆ ಅವತ್ತೇ ಹೊಳೆಯಬೇಕೇ!

ಊಟವಾದ ಮೇಲೆ ತೊಳೆದ ತಟ್ಟೆ ನಾಲ್ಕು ತರಿಸಿ ಸಾಲಾಗಿ ಇಟ್ಟೆ. ಎಡಗಡೆಯಿಂದ ಸಾವಿರದ ತಟ್ಟೆ, ನೂರರದ್ದು, ಹತ್ತರದ್ದು, ಬಿಡಿಯದ್ದು. ಸ್ಪಂದನಳ ಕೈಗೆ ಹುಣಸೆಬೀಜ ಕೊಟ್ಟೆ. ನಾಲ್ಕರಲ್ಲಿ ನಾಲ್ಕು ಒಂದು ಸಲ ಹೋಯಿತು, ಸಾವಿರದ ತಟ್ಟೆಗೆ ಒಂದು ಬೀಜ. ಸೊನ್ನೆ ಇಳಿಸಿದರೆ ಭಾಗ ಹೋಗಲ್ಲ, ನೂರರ ತಟ್ಟೆ ಬೋರಲು. ಎರಡು ಇಳಿಸಿದರೂ ಹೋಗಲ್ಲ, ಹತ್ತರ ತಟ್ಟೆಯೂ ಬೋರಲು. ಎಂಟು ಇಳಿಸಿದರೆ ಇಪ್ಪತ್ತೆಂಟು, ಬಿಡಿಯ ತಟ್ಟೆಗೆ ಏಳು ಬೀಜ. ಇಷ್ಟಾದದ್ದೇ ತಡ, ಅವಳು ಬೋರಲು ತಟ್ಟೆ ಎರಡನ್ನೂ ಎತ್ತಿ ಕಂಕುಳಲ್ಲಿ ಇಟ್ಟುಕೊಂಡು, ಏಳು ಬೀಜದ ತಟ್ಟೆಯನ್ನು ಒಂದು ಬೀಜದ ತಟ್ಟೆಯ ಪಕ್ಕಕ್ಕೆ ಎಳೆದಳು. ಮತ್ತೆ ಹದಿನೇಳು!

"ಖಾಲಿ ತಟ್ಟೆ ಯಾಕೆ ಟೀಚರ್?" ಅಂದಳು.

ನಾನು ಬಾಯಿ ತೆರೆಯುವ ಮೊದಲೇ ತೀರ್ಥೇಶ ಅಂದ, "ಮೊನ್ನೆ ನೀ ಜ್ವರ ಬಂದು ಮಲ್ಗಿದ್ಯಲ್ಲೇ, ಆವಾಗ ನಿನ್ ತಟ್ಟೆ ಎತ್ತಿ ನಾವೆಲ್ಲ ಜರುಗಿದ್ರೆ ನಿಂಗ್ ಹೆಂಗಾಗ್ತಿತ್ತು?"

ಹುಡುಗಿಯ ಮುಖ ಸಣ್ಣಗಾಯಿತು. ಆಮೇಲೆ ಎರಡೂ ತಟ್ಟೆಗಳನ್ನು ತಂದು ಮೊದಲಿದ್ದ ಜಾಗದಲ್ಲೇ ಬೋರಲು ಹಾಕಿ, ಅಂಗೈಯಿಂದ ಒಮ್ಮೆ ಒತ್ತಿದಳು. "ಸಾವಿರದ ಏಳು" ಅಂದಳು.

ಈಗ ಇಡೀ ಕ್ಲಾಸು ಭಾಗ ಹೋಗದ ಕಡೆ "ತಟ್ಟೆ ಬೋರ್ಲು!" ಅಂತ ಕೂಗಿಕೊಂಡೇ ಸೊನ್ನೆ ಬರೆಯುತ್ತದೆ. ಪಕ್ಕದ ಕ್ಲಾಸಿನ ಮಹಾಂತೇಶ ಮೇಷ್ಟ್ರು, "ಏನ್ರೀ ಮೇಡಂ, ಭಾಗಾಕಾರಾನೋ ಮದುವೆ ಊಟಾನೋ?" ಅಂತ ಕಿಟಕಿಯಲ್ಲಿ ಇಣುಕಿದರು. ನೀನೂ ತಟ್ಟೆ ಇಟ್ಟೇ ಕಲಿಸು. ಉತ್ತರ ಬಂದ ಮೇಲೆ ಗುಣಿಸಿ ತಾಳೆ ನೋಡಿಸುವುದು ಮರೆಯಬೇಡ. ಮಕ್ಕಳಿಗೆ ತಲೆ ಇಲ್ಲ ಅನ್ನುವುದನ್ನಂತೂ ಬಿಟ್ಟುಬಿಡು. ನಿನಗೂ ಐದನೇ ಕ್ಲಾಸಿನಲ್ಲಿ ಹಕ್ಕಿಗಳು ಹಾರಿ ಹೋಗುತ್ತಿದ್ದವು, ನಾನೇ ಸಾಕ್ಷಿ.

ಭಾಬಿ ಜಾಸ್ಮಿನ್ ನಿನಗೆಂದು ಮಾವಿನಮಿಡಿ ಉಪ್ಪಿನಕಾಯಿ ಎತ್ತಿಟ್ಟಿದ್ದಾಳೆ. ಅಕೀಬ್ ಕಣ್ಣು ಅದರ ಮೇಲೆಯೇ ಇದೆ, ಹೆಚ್ಚು ದಿನ ಕಾಯಲಾರೆ. ನಿನ್ನ ಕೈಯಲ್ಲಿ ಕಲಿತ ಮಕ್ಕಳು ನಿನ್ನನ್ನು ಮೀರಿಸಲಿ. ಅಲ್ಲಾಹ್ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮಿ,
ಸರ್ವರ್ ಬೀ

ತಾ.ಕ.: ಭಾಗಾಕಾರದ ನೆಪ ನನಗೆ ಗೊತ್ತಾಗುವುದಿಲ್ಲ ಅಂದುಕೊಂಡೆಯಾ? ಅಬ್ಬಾ ತೀರಿಹೋಗಿ ನಲವತ್ತನೆಯ ದಿನದ ಫಾತಿಹಾ ಮುಗಿಸಿ ಹೋದವಳು ನೀನು ಮತ್ತೆ ಈ ಹೊಸ್ತಿಲು ತುಳಿದಿಲ್ಲ. ಅವತ್ತು ಊಟಕ್ಕೆ ದಸ್ತರ್‌ಖಾನ್ ಹಾಸಿದಾಗ ನಾನು ಮರೆತು ಅಬ್ಬಾನ ತಟ್ಟೆಯನ್ನೂ ಇಟ್ಟಿದ್ದೆ. ಅವರೇ ಕಲಾಯಿ ಹಾಕಿ ಬೆಳ್ಳಿಯ ಹಾಗೆ ಹೊಳೆಸುತ್ತಿದ್ದ ತಟ್ಟೆ. ನೀನು ಅದನ್ನು ಸದ್ದಿಲ್ಲದೆ ಎತ್ತಿ ಒಳಗಿಟ್ಟು, ನನ್ನ ಪಕ್ಕಕ್ಕೆ ಜರುಗಿ ಅವರ ಜಾಗದಲ್ಲಿ ಕೂತೆ. ಖಾಲಿ ಜಾಗ ನನ್ನ ಕಣ್ಣಿಗೆ ಬೀಳಬಾರದು ಅಂತ ಹಾಗೆ ಮಾಡಿದೆ, ನನಗೆ ಗೊತ್ತು. ನಾನು ಎದ್ದು ಅಡುಗೆಮನೆಗೆ ಹೋಗಿ ಅತ್ತೆ. ನೀನು ಬಾಗಿಲಲ್ಲಿ ನಿಂತು ನೋಡಿದೆ. ಅಮ್ಮಿಗೆ ನನ್ನ ಮೇಲೆ ಸಿಟ್ಟು ಅಂದುಕೊಂಡೆ, ಅಲ್ಲವಾ? ಸಿಟ್ಟಲ್ಲ ಬೇಟಿ. ಎಲ್ಲರೂ ಜರುಗಿ ಕೂತರೆ ಅಷ್ಟು ದೊಡ್ಡ ಮನುಷ್ಯ ನಮ್ಮ ಮನೆಯಲ್ಲಿ ಇದ್ದದ್ದೇ ಸುಳ್ಳಾಯಿತಲ್ಲ ಅಂತ ದುಃಖವಾಯಿತು. ಈಗ ಊಟಕ್ಕೆ ಕೂರುವಾಗೆಲ್ಲ ಅವರ ಜಾಗದಲ್ಲಿ ಅವರ ತಟ್ಟೆ ಬೋರಲು ಹಾಕುತ್ತೇನೆ. ಸಮಾಧಾನವಾಗುತ್ತದೆ. ಅದರ ಪಕ್ಕದಲ್ಲಿ, ನಿನ್ನ ಜಾಗದಲ್ಲಿ, ಇನ್ನೊಂದು ತಟ್ಟೆ ಬೋರಲಿದೆ. ಅದನ್ನಾದರೂ ಬಂದು ತಿರುಗಿಸಮ್ಮಾ.