ಎರಡನೇ ಭಾಗ ಇಳಿಯುತ್ತಿದೆ

ರೀ,

ನಾನು ಕಮಲಾಪುರಕ್ಕೆ ಅಕ್ಕನ ಮನೆಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತೇನೆ. ಸಾರು ಬಿಸಿ ಮಾಡಿಕೊಳ್ಳಿ. ಕಂಪ್ಯೂಟರ್ ಮಾತ್ರ ಆರಿಸಬೇಡಿ! ಕಾರ್ಟೂನ್ ಸಿನಿಮಾದ ಎರಡನೇ ಭಾಗ ನಿನ್ನೆಯಿಂದ ಇಂಟರ್‌ನೆಟ್‌ನಿಂದ ಇಳಿಯುತ್ತಿದೆ. ಎರಡಕ್ಕೂ ಒಂದೇ ಲೈನು, ಫೋನ್ ಎತ್ತಿದರೂ ಇಂಟರ್‌ನೆಟ್ ಕಟ್ಟಾಗುತ್ತದೆ. ಪಂಪಣ್ಣನ ಹತ್ತಿರ ಹರಟೆ ಹೊಡೆಯಲೇಬೇಕಾದರೆ ಅವರ ಮನೆಗೇ ಹೋಗಿ.

ಮೊದಲನೇ ಭಾಗ ಇಳಿಯುವಾಗ ನೀವು ಫ್ಯಾಕ್ಟರಿಯಿಂದ ಬಂದವರೇ ಕರೆಂಟ್ ಉಳಿಸಲು ಮೇನ್ ಸ್ವಿಚ್ಚನ್ನೇ ಆರಿಸಿದಿರಿ. ಇಳಿದಷ್ಟನ್ನೇ ಹಾಕಿದರೆ, ನರಿ ಆನೆಮರಿಯನ್ನು ಬಾವಿಗೆ ತಳ್ಳುವಲ್ಲಿಗೆ ಸಿನಿಮಾ ನಿಂತುಹೋಯಿತು. ಓಣಿಯ ಮಕ್ಕಳೆಲ್ಲ ಅಳತೊಡಗಿದರು. ಕೊನೆಗೆ ನಿಮ್ಮ ಅವ್ವನೇ ಕತೆ ಮುಗಿಸಿದರು: "ಆನೆಮರಿ ಮ್ಯಾಲೆ ಬಂತು, ನರಿ ಸತ್ತೋತು, ಊರಿಗೆಲ್ಲ ಹೋಳಿಗಿ ಊಟ."

ಈಗ ಎರಡನೇ ಭಾಗದ ಪೋಸ್ಟರ್ ನೋಡಿದರೆ ಅದೇ ನರಿ ಆನೆಮರಿಯ ಬೆನ್ನ ಮೇಲೆ ಕೂತು ನಗುತ್ತಿದೆ!

ಬೆಳಿಗ್ಗೆ ಅಂಜುತ್ತಲೇ ಅತ್ತೆಗೆ ಹೇಳಿದೆ. ಅಕ್ಕಿ ಆರಿಸುತ್ತಿದ್ದವರು ತಲೆಯನ್ನೂ ಎತ್ತಲಿಲ್ಲ. "ಅಂವ ಆ ಸತ್ತ ನರೀ ತಮ್ಮ. ಭಾಳ ಒಳ್ಳೇವ" ಅಂದರು.

ಮಕ್ಕಳು ಕೇಳಿದರೆ ನೀವೂ ಹಾಗೇ ಹೇಳಿ. ಬೇರೆ ಏನೂ ಹೇಳಲು ಹೋಗಬೇಡಿ. ಅತ್ತೆ ಆಗಲೇ ಆ ತಮ್ಮ ನರಿಗೆ ಸಂಡೂರಿನ ಕಡೆ ಹೆಣ್ಣು ಗೊತ್ತು ಮಾಡಿದ್ದಾರೆ.

ಸುಮಲತಾ